ಪಟ್ಟಿ ಬಿಡಿ, ಒಂದು ಹೊಳೆ ಹಿಡಿಯಿರಿ

ಎರಡು ದಿನ ರಜೆ ಸಿಕ್ಕಿದ ಕೂಡಲೇ ‘ಉತ್ತರ ಕನ್ನಡ ಮುಗಿಸಿ ಬರ್ತೇವೆ’ ಎಂದು ಹೊರಡುತ್ತೀರಲ್ಲ, ಆ ‘ಮುಗಿಸಿ’ ಅನ್ನೋ ಮಾತು ಮೊದಲು ಬಿಡಿ. ಹೆಚ್ಚುಕಡಿಮೆ ಮೂರು ಗೋವಾ ಸೇರಿಸಿದಷ್ಟು ದೊಡ್ಡ ಜಿಲ್ಲೆ ಅದು. ಒಟ್ಟು 12 ತಾಲ್ಲೂಕು. ಭಟ್ಕಳದಲ್ಲಿ ಕಡಲು, ಸಿದ್ದಾಪುರದಲ್ಲಿ ಅಡಿಕೆ ತೋಟ, ಜೋಯಿಡಾದಲ್ಲಿ ದಟ್ಟ ಕಾಡು, ಹಳಿಯಾಳಕ್ಕೆ ಬಂದರೆ ಆಗಲೇ ಧಾರವಾಡದ ಬಯಲಿನ ಗಾಳಿ. ನೀವೋ ಫೋನಿನಲ್ಲಿ ಸಿಕ್ಕ ಪಟ್ಟಿ ಹಿಡಿದು ಬೆಳಿಗ್ಗೆ ದಾಂಡೇಲಿ, ಮಧ್ಯಾಹ್ನ ಯಾಣ, ಸಂಜೆ ಮುರ್ಡೇಶ್ವರದ ಶಿವನ ಮುಂದೆ ಫೋಟೊ ಎಂದು ಲೆಕ್ಕ ಹಾಕುತ್ತೀರಿ. ಆತುರಗಾರನಿಗೆ ಬುದ್ಧಿ ಮಟ್ಟ. ಹೀಗೆ ಓಡಿದವರು ನೋಡುವುದು ಘಟ್ಟದ ತಿರುವುಗಳನ್ನು, ಮತ್ತೆ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳನ್ನು.

ನನ್ನ ಮಾತು ಕೇಳುವುದಾದರೆ ಊರುಗಳ ಪಟ್ಟಿ ಪಕ್ಕಕ್ಕಿಡಿ, ಒಂದು ಹೊಳೆ ಆರಿಸಿಕೊಳ್ಳಿ. ಈ ಜಿಲ್ಲೆಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ದೊಡ್ಡ ಹೊಳೆಗಳು ಘಟ್ಟ ಇಳಿದು ಪಶ್ಚಿಮಕ್ಕೆ ಹರಿದು ಕಡಲು ಸೇರುತ್ತವೆ. ಯಾವುದೇ ಒಂದರ ಜಾಡು ಹಿಡಿದರೂ ಕಾಡು, ಜಲಪಾತ, ಗುಡಿ, ಕಡಲು ಎಲ್ಲ ಒಂದೇ ದಾರಿಯ ಆಸುಪಾಸಿನಲ್ಲಿ ಸಿಗುತ್ತವೆ. ಉಳಿದ ಮೂರು ಮುಂದಿನ ರಜೆಗಿರಲಿ, ಅವೆಲ್ಲಿಗೂ ಓಡಿ ಹೋಗುವುದಿಲ್ಲ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಅಘನಾಶಿನಿಯನ್ನೇ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟುವ ಈ ಹೊಳೆಗೆ ಅಣೆಕಟ್ಟಿನ ಕಾಟವಿಲ್ಲ. ಶಿರಸಿಯಲ್ಲಿ ಉಳಿದು ಮಾರಿಕಾಂಬೆಯ ದರ್ಶನ ಮಾಡಿ. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಹೊಳೆ 116 ಮೀಟರ್ ಧುಮುಕುವುದನ್ನು ನೋಡಿ, ಆಮೇಲೆ ನಿಧಾನವಾಗಿ ಕುಮಟಾಕ್ಕೆ ಘಟ್ಟ ಇಳಿಯಿರಿ. ಕೆಳಗೆ ಮಿರ್ಜಾನಿನ ಕೋಟೆಯಿದೆ, ತದಡಿಯಲ್ಲಿ ಹೊಳೆ ಕಡಲು ಸೇರುತ್ತದೆ, ಅಲ್ಲಿಂದ ಗೋಕರ್ಣ ಪಕ್ಕದಲ್ಲೇ. ಮೂರು ದಿನಕ್ಕೆ ಇಷ್ಟು ಧಾರಾಳವಾಯಿತು. ನಡುವೆ ಯಾಣವನ್ನೂ ತುರುಕುವ ಆಸೆ ಬರುತ್ತದೆ, ಗೊತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಕಾಡು, ಪ್ರಾಣಿ, ರ‍್ಯಾಫ್ಟಿಂಗ್ ಬೇಕೆನ್ನುವ ಹುಡುಗರು ಕಾಳಿಯ ಕಡೆ ಹೋಗಲಿ. ಅಲ್ಲಿ ಒಂದು ಸಂಗತಿ ನೆನಪಿಡಿ: ದಾಂಡೇಲಿ ಕಡೆಯ ಹೊಳೆಯ ರಭಸ ನಿಂತಿರುವುದು ಮೇಲಿನ ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ಬಿಡುವ ನೀರಿನ ಮೇಲೆ. ದುಡ್ಡು ಕಟ್ಟುವ ಮೊದಲು ಆ ದಿನ ನೀರಿರುತ್ತದೆಯೇ ಎಂದು ಕೇಳಿ. ಜೋಗದ ಕತೆಯೂ ಇದೇ, ಶರಾವತಿಗೆ ಮೇಲೆ ಲಿಂಗನಮಕ್ಕಿ ಇದೆ. ಬೇಸಿಗೆಯಲ್ಲಿ ಹೋಗಿ ನಾಲ್ಕು ಎಳೆ ನೀರು ನೋಡಿ ‘ಇಷ್ಟೇನಾ ಜೋಗ’ ಎಂದು ಮೂಗು ಮುರಿಯಬೇಡಿ. ತಪ್ಪು ಜೋಗದ್ದಲ್ಲ, ನೀವು ಹೋದ ತಿಂಗಳದ್ದು.

ತಿಂಗಳು ನೋಡದೆ ಊರು ಆರಿಸುವುದೇ ನಿಮ್ಮೆಲ್ಲರ ದೊಡ್ಡ ಉದಾಸೀನ. ಜಲಪಾತಕ್ಕೆ ಸೆಪ್ಟೆಂಬರಿನಿಂದ ಡಿಸೆಂಬರ್ ಒಳ್ಳೆಯದು, ಕಡಲಿಗೆ ಚಳಿಗಾಲ. ಆದರೆ ಶಿರಸಿ ಹತ್ತಿರದ ಸಹಸ್ರಲಿಂಗಕ್ಕೆ ಈ ಲೆಕ್ಕ ತಲೆಕೆಳಗು. ಅಲ್ಲಿ ಶಾಲ್ಮಲೆಯ ಹೊಳೆಗಲ್ಲುಗಳ ಮೇಲೆಯೇ ಲಿಂಗ ಕೆತ್ತಿದ್ದಾರೆ, ನೀರು ತುಂಬಿದಾಗ ಹೋದರೆ ಕಾಣುವುದು ಬರೀ ಕೆಂಪು ನೀರು. ಹೊಳೆ ಇಳಿದ ಮೇಲೆ, ಫೆಬ್ರವರಿಯ ಹೊತ್ತಿಗೆ ಹೋಗಿ. ಹತ್ತಿರದ ಸೋಂದೆಯನ್ನೂ ಬಿಡಬೇಡಿ. ವಾದಿರಾಜರ ಮಠ, ಜೈನರ ಸ್ವಾದಿ ಮಠ, ಸ್ಮಾರ್ತರ ಸ್ವರ್ಣವಲ್ಲಿ ಮಠ ಮೂರೂ ಒಂದೇ ಸೀಮೆಯಲ್ಲಿ ಇರುವುದು ಅಪರೂಪ. ಪಟ್ಟಿ ಹಿಡಿದು ಓಡುವವರು ಇದನ್ನು ದಾಟಿಕೊಂಡೇ ಹೋಗುತ್ತಾರೆ!

ಜೂನ್‌ನಿಂದ ಆಗಸ್ಟ್‌ವರೆಗೆ ‘ಮಳೆ ನೋಡೋಕೆ’ ಬರುವವರಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜನ ಸತ್ತರು. ಹೊರಡುವ ದಿನ ಜಿಲ್ಲಾಡಳಿತದ ಸೂಚನೆ ನೋಡಿ, ಘಟ್ಟದ ರಸ್ತೆ ತೆರೆದಿದೆಯೇ ವಿಚಾರಿಸಿ. ರೂಮಿಗೆ ಕೊಟ್ಟ ಮುಂಗಡ ಹೋದರೆ ಹೋಗಲಿ. ತೋಟದ ದಾರಿಯಲ್ಲಿ ಉಂಬಳ ಹತ್ತುತ್ತವೆ, ಅದಕ್ಕೆ ಕಿರುಚಬೇಕಾಗಿಲ್ಲ, ಒಂದು ಪೊಟ್ಟಣ ಉಪ್ಪು ಇಟ್ಟುಕೊಂಡರೆ ಸಾಕು.

ಜತೆಗೆ ಯಾರು ಬರುತ್ತಾರೆ ಎಂಬುದನ್ನೂ ನೋಡಬೇಡವೇ? ಮಂಡಿನೋವಿನ ಅತ್ತೆಯವರನ್ನು ಉಂಚಳ್ಳಿಯ ಮೆಟ್ಟಿಲು ಇಳಿಸುವುದು, ಯಾಣದ ಏರು ಹತ್ತಿಸುವುದು ಯಾವ ನ್ಯಾಯ? ಅವರಿರುವಾಗ ಬನವಾಸಿ ಆರಿಸಿ. ಕದಂಬರ ರಾಜಧಾನಿ, ಸಮತಟ್ಟು ನೆಲ, ಮಧುಕೇಶ್ವರನ ಗುಡಿಯಂಗಳದಲ್ಲಿ ಎಷ್ಟು ಹೊತ್ತಾದರೂ ಕೂರಬಹುದು. ಜಲಪಾತವೇ ಬೇಕೆಂದರೆ ಜೋಗವನ್ನು ಮೇಲಿನಿಂದಲೇ ನೋಡಬಹುದು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ನಿಮ್ಮ ಫೋನಿನ ಫೋಟೊಗಳಲ್ಲಿ ಎಲ್ಲ ಬೆಟ್ಟವೂ ನುಣ್ಣಗೆಯೇ ಇರುತ್ತದೆ, ಮೆಟ್ಟಿಲು ಕಾಣುವುದಿಲ್ಲ. ವಿದೇಶದಿಂದ ಬಂದ ಮಕ್ಕಳು ಮೊಮ್ಮಕ್ಕಳಿಗೆ ಮುಂಡಗೋಡಿನ ಟಿಬೆಟಿಯನ್ನರ ಮಠ ತೋರಿಸುವ ಮನಸ್ಸಿದ್ದರೆ, ಪರದೇಶದ ಪಾಸ್‌ಪೋರ್ಟಿನವರಿಗೆ ಅನುಮತಿಯ ವಿಷಯ ಮೊದಲೇ ವಿಚಾರಿಸಿಕೊಳ್ಳಿ. ಬಾಗಿಲಿಗೆ ಹೋಗಿ ನಿಂತು ವಾದ ಮಾಡಬೇಡಿ.

ಹಬ್ಬದ ಲೆಕ್ಕವೂ ಇರಲಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಜಾತ್ರೆಯ ವಾರ ಶಿರಸಿಯಲ್ಲಿ, ಶಿವರಾತ್ರಿಗೆ ಗೋಕರ್ಣದಲ್ಲಿ ರೂಮು ಹುಡುಕುವುದು ಕಷ್ಟ. ಜಾತ್ರೆಗೆಂದೇ ಹೋಗುವವರ ಮಾತು ಬೇರೆ, ಸುಮ್ಮನೆ ತಿರುಗಾಡಲು ಹೋಗುವವರು ಆ ವಾರ ಬಿಡಿ. ಮಹಾಬಲೇಶ್ವರನ ಗುಡಿಗೆ ಪಂಚೆ ಇರಲಿ, ಚಡ್ಡಿಯಲ್ಲಿ ಹೋಗಿ ಅರ್ಚಕರ ಮೇಲೆ ಸಿಟ್ಟಾಗಬೇಡಿ.

ತೋಟದ ಮನೆಗಳ ಹೋಮ್‌ಸ್ಟೇಯಲ್ಲಿ ಉಳಿಯುವುದಾದರೆ ಹಿಂದಿನ ದಿನವೇ ಫೋನ್ ಮಾಡಿ ಎಷ್ಟು ಜನ, ಎಷ್ಟು ಹೊತ್ತಿಗೆ ಎಂದು ಹೇಳಿ. ಅಲ್ಲಿ ಎಣಿಸಿ ಅಡುಗೆ ಮಾಡುತ್ತಾರೆ, ರಾತ್ರಿ ಹತ್ತಕ್ಕೆ ಹೋಗಿ ಬಾಗಿಲು ತಟ್ಟಿದರೆ ಅಪ್ಪೆಹುಳಿಯೂ ಇಲ್ಲ, ತಂಬುಳಿಯೂ ಇಲ್ಲ. ಕಾಡಿನೊಳಗೆ ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಆದ್ದರಿಂದ ಮನೆಯ ಗುರುತು, ತಿರುಗಬೇಕಾದ ಕೂಡುರಸ್ತೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು, ಶಿರಸಿಯಲ್ಲೇ ಪೆಟ್ರೋಲ್ ತುಂಬಿಸಿಕೊಂಡು, ಬೆಳಕಿದ್ದಾಗಲೇ ಹೊರಡಿ.