ಗೆರೆಗಳನ್ನು ನಂಬುವ ಮೊದಲು

ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಲಕ್ವಾ ಹೊಡೆದವರು ಚಿಕಿತ್ಸೆಗೆ ಬೆಂಗಳೂರಿನವರೆಗೂ ಬರುತ್ತಾರೆ. ನಾನೂ ಶಹಾಪುರದವನೇ. ಡಿಫ್ಯೂಷನ್ ಎಂಆರ್‌ಐ ಚಿತ್ರಗಳಿಂದ ಮಿದುಳಿನ ನರತಂತುಗಳ ನಕ್ಷೆ ತೆಗೆಯುವುದು ನನ್ನ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಬರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗಾಗಿ, ತಡವಾಗಿ ಕಲಿತ ಕೆಲವನ್ನು ಬರೆದಿಡುತ್ತಿದ್ದೇನೆ.

1. ಯಂತ್ರ ಅಳೆಯುವುದು ನೀರನ್ನು

ತಂತುಗಳ ಉದ್ದಕ್ಕೆ ನೀರಿನ ಅಣುಗಳು ಸಲೀಸಾಗಿ ಸರಿಯುತ್ತವೆ. ಅಡ್ಡಕ್ಕೆ ಹೋದರೆ ಪೊರೆಗಳು ತಡೆಯುತ್ತವೆ. ಈ ವ್ಯತ್ಯಾಸವನ್ನು 1994ರಲ್ಲಿ ಬಾಸರ್, ಮ್ಯಾಟಿಯೆಲ್ಲೊ, ಲ ಬಿಹಾನ್ ಟೆನ್ಸರ್ ಎಂಬ, ದಿಕ್ಕುದಿಕ್ಕಿನ ಸರಿದಾಟವನ್ನು ಒಟ್ಟಿಗೆ ಹಿಡಿಯುವ ಲೆಕ್ಕಕ್ಕೆ ತಂದರು. ಚಿತ್ರದ ಒಂದು ವೋಕ್ಸೆಲ್‌ನ, ಅಂದರೆ ಅತಿ ಚಿಕ್ಕ ಘನ ತುಣುಕಿನ, ಬದಿ ಸುಮಾರು 2 ಮಿಲಿಮೀಟರ್. ತಂತುವಿನ ದಪ್ಪ ಮೈಕ್ರೋಮೀಟರ್ ಲೆಕ್ಕದ್ದು. ಪರದೆಯ ಬಣ್ಣದ ಗೆರೆಯೇ ನರ ಎಂದು ಮೊದಮೊದಲು ನಂಬಿದ್ದೆ. ಅದು ಲೆಕ್ಕ ಹಾಕಿ ಮಾಡಿದ ಊಹೆ. ಸಂದೇಶ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆಂಬುದನ್ನೂ ಅದು ತಿಳಿಸದು.

2. ಅಲುಗಾಟ ಮೊದಲು ನೋಡಿ

ವಯಸ್ಸಾದವರ ಮತ್ತು ಎಳೆಯರ ಮಿದುಳು ಹೋಲಿಸಿ ಕಂಡ ವ್ಯತ್ಯಾಸವೊಂದಕ್ಕೆ ಬಹಳ ಹಿಗ್ಗಿದ್ದೆ. ಅಲುಗಾಟದ ಅಳತೆ ತೆಗೆದು ನೋಡಿದರೆ, ಹಿರಿಯರ ತಲೆ ಹೆಚ್ಚು ಅಲುಗಿತ್ತು. ವ್ಯತ್ಯಾಸದ ಬಹುಪಾಲು ಅಲ್ಲಿಂದಲೇ ಬಂದಿತ್ತು. ಹೀಗೆ ಕೆಟ್ಟದ್ದನ್ನೆಲ್ಲ ಸಾಫ್ಟ್‌ವೇರ್ ಸರಿಮಾಡಲಾರದು. ಈಗ ಸ್ಕ್ಯಾನ್‌ಗೆ ಮುಂಚೆ ಪಕ್ಕದಲ್ಲಿ ಕೂತು ಹೇಳುತ್ತೇನೆ: ‘ಮುತ್ಯಾ, ಒಳಗ ಭಾಳ ಸಪ್ಪಳ ಬರ್ತದ, ಅಂಜಬ್ಯಾಡ್ರಿ, ತಲಿ ಅಳ್ಳಾಡಿಸಬ್ಯಾಡ್ರಿ.’

3. ಒಂದು ವೋಕ್ಸೆಲ್‌ನಲ್ಲಿ ಹಲವು ದಾರಿ

ಬಿಳಿದ್ರವ್ಯದ ಬಹುಪಾಲು ವೋಕ್ಸೆಲ್‌ಗಳಲ್ಲಿ ತಂತುಗಳು ಒಂದನ್ನೊಂದು ದಾಟುತ್ತವೆ. ಅಲ್ಲಿ ಟೆನ್ಸರ್ ಒಂದೇ ದಿಕ್ಕು ಹುಡುಕಲು ಹೋಗಿ ಸೋಲುತ್ತದೆ, ನೀರು ಎಷ್ಟರ ಮಟ್ಟಿಗೆ ಒಂದೇ ದಿಕ್ಕಿಗೆ ಸರಿಯುತ್ತದೆಂದು ಹೇಳುವ ಎಫ್‌ಎ ಎಂಬ ಅಂಕಿ ತಗ್ಗುತ್ತದೆ. ತಗ್ಗಿದ ಎಫ್‌ಎಯನ್ನೆಲ್ಲ ನಾನು ಹಾನಿ ಎಂದೇ ಓದಿದ್ದೆ. ಹೆಚ್ಚು ದಿಕ್ಕುಗಳಲ್ಲಿ ಅಳೆದು, ದಾಟುವಿಕೆಯನ್ನು ಬಿಡಿಸಬಲ್ಲ ಮಾದರಿ ಬಳಸಿದ ಮೇಲೆ ಎಷ್ಟೋ ಕಡೆ ಹಾನಿ ಇರಲೇ ಇಲ್ಲ.

4. ಗೆರೆ ದಟ್ಟವಾದರೆ ಸಂಪರ್ಕ ಗಟ್ಟಿ ಎಂದಲ್ಲ

ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಗೊತ್ತು: ನಕ್ಷೆಯಲ್ಲಿ ಕಾಲುವೆ ಇದ್ದ ಮಾತ್ರಕ್ಕೆ ಹೊಲಕ್ಕೆ ನೀರು ಬಂದಂತಲ್ಲ. ಮಿದುಳಿನ ನಕ್ಷೆಯ ಗೆರೆಯೂ ಹಾಗೆಯೇ. 20 ಸಂಶೋಧನಾ ತಂಡಗಳು ಕೊಟ್ಟ 96 ನಕ್ಷೆಗಳನ್ನು ಪರೀಕ್ಷಿಸಿದ 2017ರ ಅಧ್ಯಯನದಲ್ಲಿ, ನಿಜವಾದ ತಂತುಕಟ್ಟುಗಳಿಗಿಂತ ಇಲ್ಲದ ಕಟ್ಟುಗಳೇ ಹೆಚ್ಚಿದ್ದವು. ಮೂಲ ಅಳತೆಗೆ ಹೊಂದದ ಗೆರೆಗಳನ್ನು ಕಿತ್ತುಹಾಕುವ ವಿಧಾನಗಳಿವೆ. ಅಂಥದ್ದೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 2022ರಲ್ಲಿ 150 ಪಟ್ಟಿನವರೆಗೆ ವೇಗಗೊಳಿಸಿತು. ಎಣಿಸುವ ಮೊದಲು ಕಳೆ ತೆಗೆಯಿರಿ.

5. ಗೆರೆ ಕಾಣದಿದ್ದರೆ ದಾರಿ ಹೋಯಿತೆನ್ನಬೇಡಿ

‘ಅಪ್ಪಗ ಮಾತು ಬರ್ತದೇನ್ರಿ?’ ಎಂದು ಮನೆಯವರು ಕೇಳುತ್ತಾರೆ. ಮಾತಿಗೆ ಬೇಕಾದ ಆರ್ಕುಯೇಟ್ ತಂತುಕಟ್ಟು ಒಮ್ಮೆ ಪರದೆಯಲ್ಲಿ ಮೂಡಲಿಲ್ಲ, ಕಡಿದುಹೋಗಿದೆ ಎಂದುಬಿಟ್ಟೆ. ಬಾವು ಇದ್ದಲ್ಲೂ ಲೆಕ್ಕ ನಿಂತುಬಿಡುತ್ತದೆ ಎಂಬುದನ್ನು ಮರೆತಿದ್ದೆ. ಆ ಹಿರಿಯರಿಗೆ ತಿಂಗಳುಗಳ ಮೇಲೆ ಮಾತು ಮರಳತೊಡಗಿತು. ಅಷ್ಟು ದಿನ ಆ ಮನೆ ಹೊತ್ತ ಸಂಕಟಕ್ಕೆ ನನ್ನ ಮಾತೂ ಕಾರಣ. ಈಗ ಚಿತ್ರಕ್ಕೆ ಗೊತ್ತಿರುವಷ್ಟನ್ನೇ ಹೇಳುತ್ತೇನೆ.

6. ಯಾರ ಜೊತೆ ಹೋಲಿಸುತ್ತೇವೆಂದು ಕೇಳಿಕೊಳ್ಳಿ

ನಾವು ಮಾದರಿಯಾಗಿ ಬಳಸುವ ಹ್ಯೂಮನ್ ಕನೆಕ್ಟೋಮ್ ಪ್ರಾಜೆಕ್ಟ್‌ನ ಪ್ರಸಿದ್ಧ ದತ್ತಾಂಶ 22ರಿಂದ 35 ವಯಸ್ಸಿನ ಸುಮಾರು 1,200 ಅಮೆರಿಕನ್ನರದ್ದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಹಳ್ಳಿಗಳ ಹಿರಿಯರನ್ನು ವರ್ಷಗಳಿಂದ ಅಧ್ಯಯನ ಮಾಡುತ್ತಿದೆ. ಸುರಪುರದ ಅರವತ್ತರ ಹೆಣ್ಣುಮಗಳ ಮಿದುಳು ಸಹಜವೇ ಎಂದು ಹೇಳಲು ಅಂಥ ಅಳತೆ ನಮ್ಮ ಸೀಮೆಯಲ್ಲೂ ಆಗಬೇಕು. ಈ ಕೆಲಸಕ್ಕೆ ಬರುವವರು ಅದನ್ನು ಕೈಗೆತ್ತಿಕೊಳ್ಳಲಿ. ನನಗೆ ಗೊತ್ತಿರುವಷ್ಟನ್ನು ಕಲಿಸಿಕೊಡಲು ನಾನಿದ್ದೇನೆ.