ನಾಲ್ಕು ಊರುಗಳ ಹೆಸರೂ ಗಣಕಯಂತ್ರದ ಎಣಿಕೆಯೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ಈ ನಾಲ್ಕು ಹೆಸರುಗಳು ನಮ್ಮ ಭಾಗದ ಮಕ್ಕಳಿಗೆ ಚಿರಪರಿಚಿತವಾದವು. ಪಾಠಪುಸ್ತಕಕ್ಕಿಂತ ಮೊದಲೇ ಬಸ್ಸಿನ ಫಲಕದ ಮೇಲೆ ಇವನ್ನು ಕೂಡಿಸಿ ಓದಿ ಅಕ್ಷರ ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ. ಇವುಗಳಲ್ಲಿ ಎಷ್ಟೆಷ್ಟು ಅಕ್ಷರಗಳಿವೆ ಎಂದು ಐದನೆಯ ಇಯತ್ತೆಯ ವಿದ್ಯಾರ್ಥಿಯನ್ನು ಕೇಳಿದರೆ, ಅವನು ಬೆರಳು ಮಡಚಿ ಕ್ರಮವಾಗಿ 5, 3, 4, 4 ಎಂದು ಸರಿಯಾದ ಉತ್ತರವನ್ನೇ ಹೇಳುವನು. ಅದೇ ಪ್ರಶ್ನೆಯನ್ನು ಪೈಥಾನ್ ಎಂಬ ಗಣಕಭಾಷೆಯ ಮುಂದಿಟ್ಟರೆ ಅದು ಕೊಡುವ ಉತ್ತರ 8, 8, 7, 8. ಈ ಎರಡು ಲೆಕ್ಕಗಳ ನಡುವಣ ಅಂತರಕ್ಕೆ ಕಾರಣವೇನು, ಅದರಿಂದ ನಮಗೆ ಒದಗುವ ಲಾಭ-ಹಾನಿಗಳೇನು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಆಕಾರವೋ ಉಚ್ಚಾರವೋ

ಗಣಕಯಂತ್ರಕ್ಕೆ ಅಕ್ಷರ ತಿಳಿಯದು. ಅದು ಬಲ್ಲದ್ದು ಸಂಖ್ಯೆಯೊಂದನ್ನೇ. ಆದಕಾರಣ ಪ್ರತಿಯೊಂದು ಚಿಹ್ನೆಗೂ ಒಂದು ಸಂಖ್ಯೆಯನ್ನು ನಿಗದಿಮಾಡಬೇಕಾಗುತ್ತದೆ. ಕನ್ನಡದಲ್ಲಿ ಈ ಕಾರ್ಯ ಎರಡು ಬಗೆಯಲ್ಲಿ ನಡೆಯಿತು. ಮೊದಲನೆಯದು ಆಕಾರವನ್ನು ಅನುಸರಿಸಿದ ಬಗೆ. ಹಿಂದಿನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ತಲೆಕಟ್ಟು, ಕೊಂಬು, ಒತ್ತು, ಅರ್ಕಾವತ್ತುಗಳನ್ನು ಬಿಡಿಬಿಡಿ ತುಂಡುಗಳನ್ನಾಗಿ ಮಾಡಿ, ಅವನ್ನು ರೋಮನ್ ಲಿಪಿಯ ಚಿಹ್ನೆಗಳಿಗೆ ಮೀಸಲಾದ ಸ್ಥಾನಗಳಲ್ಲಿ ಇರಿಸಿದ್ದರು. ಕಾಗದದ ಮೇಲೆ ಮುದ್ರಿಸಲು ಇದರಿಂದ ತೊಂದರೆಯಿರಲಿಲ್ಲ. ಆದರೆ ಆ ಅಕ್ಷರಗಳಿಲ್ಲದ ಬೇರೊಂದು ಯಂತ್ರದಲ್ಲಿ ಅದೇ ಬರಹವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣಿಸುತ್ತಿತ್ತು.

ಎರಡನೆಯದು ಉಚ್ಚಾರವನ್ನು ಅನುಸರಿಸಿದ ಬಗೆ. ಭಾರತೀಯ ಲಿಪಿಗಳಿಗಾಗಿ 1991ರಲ್ಲಿ ಪ್ರಕಟವಾದ ಇಸ್ಕಿ ಮಾನಕವೂ, ಅದೇ ವರ್ಷ ಮೊದಲ ಆವೃತ್ತಿ ಕಂಡ ಜಾಗತಿಕ ಯೂನಿಕೋಡ್ ಮಾನಕವೂ ಈ ಮಾರ್ಗವನ್ನೇ ಹಿಡಿದವು. ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿರಿಸಲಾಗಿದೆ. ಸ್ವರ, ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ವಿಸರ್ಗ, ಅಂಕಿಗಳಿಗೆ ಅಲ್ಲಿ ಸ್ಥಾನವುಂಟು. ಒತ್ತಕ್ಷರಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ವ್ಯಂಜನದಲ್ಲಿ ಸಹಜವಾಗಿ ಅಡಗಿರುವ ಅಕಾರವನ್ನು ತೆಗೆದುಹಾಕುವ ‘್’ ಎಂಬ ಚಿಹ್ನೆಯೇ ಒತ್ತನ್ನು ಹುಟ್ಟಿಸುತ್ತದೆ. ‘ಕಿತ್ತೂರು’ ಎಂಬುದು ಯಂತ್ರದ ಸ್ಮೃತಿಯಲ್ಲಿ ಕ, ಿ, ತ, ್, ತ, ೂ, ರ, ು ಎಂಬ 8 ಘಟಕಗಳಾಗಿ ನಿಲ್ಲುತ್ತದೆ. ವಿದ್ಯಾರ್ಥಿಯು ಎಣಿಸಿದ್ದು ಅಕ್ಷರವನ್ನು, ಯಂತ್ರವು ಎಣಿಸಿದ್ದು ಘಟಕವನ್ನು. ಇಬ್ಬರ ಲೆಕ್ಕವೂ ತಪ್ಪಲ್ಲ.

‘ಸವದತ್ತಿ’ಯಲ್ಲಿ ಇನ್ನೊಂದು ವಿಶೇಷವಿದೆ. ಕೈಯಿಂದ ಬರೆಯುವಾಗ ನಾವು ಮೊದಲು ‘ತಿ’ ಎಂದು ಬರೆದು, ಅನಂತರ ಕೆಳಗೆ ಒತ್ತು ಹಾಕುತ್ತೇವೆ. ಯಂತ್ರದಲ್ಲಿಯಾದರೋ ತ, ್, ತ ಇವುಗಳಾದ ಮೇಲೆಯೇ ‘ಿ’ ಬರುತ್ತದೆ. ನಾಲಗೆಯೂ ಇದೇ ಕ್ರಮದಲ್ಲಿ ನುಡಿಯುತ್ತದೆ ಎಂಬುದನ್ನು ಉಚ್ಚರಿಸಿ ನೋಡಿ ಮನಗಾಣಬಹುದು.

ಕೀಲಿಮಣೆಯ ವ್ಯಾಕರಣ

ಈ ತತ್ತ್ವವನ್ನು ಬೆರಳುಗಳಿಗೆ ಕಲಿಸಿದ ಕೀರ್ತಿ ಕಿನ್ನಿಕಂಬಳ ಪದ್ಮನಾಭ ರಾಯರಿಗೆ ಸಲ್ಲಬೇಕು. ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆಯ ವಿನ್ಯಾಸವನ್ನು ಕರ್ನಾಟಕ ಸರ್ಕಾರವು ಮುಂದೆ ಮಾನಕವೆಂದು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಇದನ್ನೇ ಬಳಸುತ್ತದೆ. ರಾಯರು ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಕೃಷ್ಣಭಟ್ಟರೆಂಬ ವಿದ್ವಾಂಸರ ಹೆಸರನ್ನಿಟ್ಟದ್ದು ಅರ್ಥಪೂರ್ಣವಾಗಿದೆ. ಈ ವಿನ್ಯಾಸದಲ್ಲಿ ‘ರಾಮದುರ್ಗ’ ಎಂದು ಮೂಡಿಸಲು ರ, ಆಕಾರ, ಮ, ದ, ಉಕಾರ, ರ, ಅಕಾರಲೋಪಕ್ಕಾಗಿ ಎಫ್, ಕೊನೆಗೆ ಗ ಎಂದು 8 ಕೀಲಿಗಳನ್ನು ಒತ್ತಿದರೆ ಸಾಕು. ಘಟಕಗಳೂ ಎಂಟು, ಒತ್ತುವ ಕೀಲಿಗಳೂ ಎಂಟು. ನೂರಾರು ಒತ್ತಕ್ಷರಗಳಿಗೆ ನೂರಾರು ಕೀಲಿಗಳು ಬೇಕಾಗದೆ ಹೋದದ್ದು ಈ ಸೂಕ್ಷ್ಮದೃಷ್ಟಿಯ ಫಲ.

ತಿರುವುಮುರುವಾದ ರಾಮದುರ್ಗ

ಗಣಕಭಾಷೆ ಕಲಿಯತೊಡಗಿದವರಿಗೆ ಕೊಡುವ ಮೊದಲ ಅಭ್ಯಾಸಗಳಲ್ಲಿ ‘ಪದವನ್ನು ತಿರುವುಮುರುವು ಮಾಡು’ ಎಂಬುದೂ ಒಂದು. ‘ರಾಮದುರ್ಗ’ವನ್ನು ಹಾಗೆ ಮಾಡಿದರೆ ದೊರೆಯುವುದು ‘ಗ್ರುದಮಾರ’! ನಾವು ಅಕ್ಷರಕ್ಕೊಂದರಂತೆ ಹಿಂದುಮುಂದಾಗಿ ಬರೆದರೆ ‘ರ್ಗದುಮರಾ’ ಎಂದಾಗುತ್ತದೆ. ಕಣ್ಣಿಗೆ ಅರ್ಕಾವತ್ತು ಗಕಾರದ ಬಲಗಡೆ ಕಾಣಿಸಿದರೂ ಯಂತ್ರದಲ್ಲಿ ರಕಾರವು ಗಕಾರದ ಹಿಂದೆಯೇ ನಿಂತಿದೆ. ಹಿಂದುಮುಂದು ಮಾಡಿದಾಗ ಗಕಾರ ಮುಂದೆ ಬಂದು, ರಕಾರ ಅದರ ಒತ್ತಾಯಿತು. ರಕಾರದ ಬೆನ್ನಿಗೆ ದಕಾರದ ಕೊಂಬು ಬಂದು ಅಂಟಿಕೊಂಡಿತು. ಇಂಗ್ಲಿಷಿಗೆಂದು ಬರೆದ ಕ್ರಮವಿಧಿಯು ಕನ್ನಡಕ್ಕೆ ತಾನಾಗಿ ಒಗ್ಗದು ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

ವಿನೋದವೆಂದು ಇದನ್ನು ಬದಿಗಿಡುವಂತಿಲ್ಲ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು 1992ರಲ್ಲಿ ರೂಪಿಸಿದ, ಇಂದು ಸರ್ವತ್ರ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಒಂದೊಂದು ಘಟಕಕ್ಕೆ 3 ಬೈಟ್ ಬೇಕು. ‘ರಾಮದುರ್ಗ’ಕ್ಕೆ 24 ಬೈಟುಗಳಾದವು. ಊರ ಹೆಸರಿಗೆ 20 ಬೈಟ್ ಸಾಕೆಂದು ಯಾರೋ ಕ್ರಮವಿಧಿಕಾರರು ನಿಶ್ಚಯಿಸಿದ್ದಾದರೆ, ಉಳಿಯುವುದು ‘ರಾಮದುರ’ ಎಂಬ ಮೊಟಕು ಹೆಸರು, ಅದರ ಬಾಲಕ್ಕೆ ಮುರಿದ ಎರಡು ಬೈಟುಗಳು. ಮಗುವಿನ ಪ್ರಮಾಣಪತ್ರದ ಮೇಲೆ ಅದರ ಹೆಸರೇ ಹೀಗೆ ತುಂಡಾದರೆ ಆಗುವ ಕಷ್ಟವನ್ನು ಊಹಿಸಬಹುದು.

ಒಂದೇ ಹೆಸರಿನ ನಾಲ್ಕು ಬರಹ

‘ಬೈಲಹೊಂಗಲ’ದ ಸಂಗತಿ ಇನ್ನಷ್ಟು ಸೋಜಿಗದ್ದು. ಯೂನಿಕೋಡಿನಲ್ಲಿ ‘ೊ’ ಚಿಹ್ನೆಯನ್ನು ಒಂದೇ ಘಟಕವಾಗಿ ಇಡಬಹುದು. ‘ೆ’ ಮತ್ತು ‘ೂ’ ಎಂಬ ಎರಡು ಘಟಕಗಳನ್ನು ಜೋಡಿಸಿಯೂ ಇಡಬಹುದು. ‘ೈ’ ಚಿಹ್ನೆಗೂ ಇಂಥದೇ ಎರಡು ದಾರಿಗಳಿವೆ. ಎರಡೆರಡಲ ನಾಲ್ಕು: ಕಣ್ಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದ ನಾಲ್ಕು ಬೈಲಹೊಂಗಲಗಳು ಯಂತ್ರದೊಳಗೆ ಇರಬಲ್ಲವು. ಒಂದು ಪಟ್ಟಿಯಲ್ಲಿ ಒಂದು ರೂಪವೂ ಇನ್ನೊಂದರಲ್ಲಿ ಬೇರೆ ರೂಪವೂ ಇದ್ದರೆ, ಎರಡನ್ನೂ ಹೋಲಿಸಿದ ಯಂತ್ರವು ‘ಇವು ಬೇರೆ ಬೇರೆ ಊರುಗಳು’ ಎಂದು ತೀರ್ಪು ಕೊಡುತ್ತದೆ. ಹೋಲಿಸುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸೇಶನ್ ಎಂಬ ಕ್ರಿಯೆಯೇ ಇದಕ್ಕೆ ಪರಿಹಾರ. 2008ರಲ್ಲಿ ಹೊರಬಂದ ಪೈಥಾನಿನ ಮೂರನೆಯ ಆವೃತ್ತಿಯಲ್ಲಿ ಚರಾಕ್ಷರಗಳಿಗೆ ಕನ್ನಡ ಹೆಸರುಗಳನ್ನೇ ಇಡಬಹುದಾಗಿದ್ದು, ಆ ಹೆಸರುಗಳಿಗೆ ಈ ಕ್ರಿಯೆ ತಾನಾಗಿ ನಡೆಯುತ್ತದೆ. ಉದ್ಧರಣ ಚಿಹ್ನೆಯೊಳಗಿನ ಪದಗಳಿಗೆ ಮಾತ್ರ ಕ್ರಮವಿಧಿಕಾರನೇ ಅದನ್ನು ಮಾಡಬೇಕು.

ಅಂಕಿಗಳ ವಿಷಯದಲ್ಲಿಯೂ ಭಾಷೆಗಳ ಸ್ವಭಾವ ಭಿನ್ನವಾಗಿದೆ. ‘೧೦’ ಎಂಬ ಬರಹವನ್ನು ಸಂಖ್ಯೆಯಾಗಿ ಪರಿವರ್ತಿಸು ಎಂದರೆ ಪೈಥಾನ್ ಮರುಮಾತಿಲ್ಲದೆ ಹತ್ತು ಎಂದು ಗ್ರಹಿಸುತ್ತದೆ. 1995ರಲ್ಲಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಮೊದಲ ರೂಪ ಕೊಟ್ಟ ಜಾವಾಸ್ಕ್ರಿಪ್ಟ್ ಭಾಷೆಯು ‘ಇದು ಸಂಖ್ಯೆಯಲ್ಲ’ ಎಂದು ಉತ್ತರಿಸುತ್ತದೆ. ಒಂದು ಭಾಷೆಯಲ್ಲಿ ಸರಿಯಾಗಿ ನಡೆದದ್ದು ಇನ್ನೊಂದರಲ್ಲಿಯೂ ನಡೆದೀತೆಂದು ನಂಬುವಂತಿಲ್ಲ.

ಳಕಾರದ ಸ್ಥಾನ

ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಮುಂದೆ, ಎಲ್ಲಕ್ಕೂ ಕೊನೆಯಲ್ಲಿ ಬರುತ್ತದೆ. ಯೂನಿಕೋಡಿನಲ್ಲಿಯಾದರೋ ಭಾರತೀಯ ಲಿಪಿಗಳ ಸ್ಥಾನಗಳನ್ನು ಒಂದಕ್ಕೊಂದು ಸರಿಸಮನಾಗಿ ಜೋಡಿಸಿದ್ದರಿಂದ, ಅದು ಲಕಾರದ ಪಕ್ಕದಲ್ಲಿ, ವಕಾರಕ್ಕೆ ಮುನ್ನವೇ ಕುಳಿತಿದೆ. ಕೇವಲ ಸಂಖ್ಯೆಯ ಕ್ರಮದಲ್ಲಿ ಹಾಜರಿಪಟ್ಟಿಯನ್ನು ಜೋಡಿಸಿದರೆ ಹೊಳೆಪ್ಪನ ಹೆಸರು ಹೊಸಮನಿಯವರ ಹೆಸರಿಗಿಂತ ಮೊದಲು ಬರುತ್ತದೆ. ಕನ್ನಡ ನಿಘಂಟಿನ ಕ್ರಮದಲ್ಲಿ ಹೊಸಮನಿ ಮೊದಲು, ಹೊಳೆಪ್ಪ ಅನಂತರ. ಸರಿಯಾದ ಜೋಡಣೆಗೆ ಕನ್ನಡದ ಅಕಾರಾದಿ ನಿಯಮವನ್ನು ಯಂತ್ರಕ್ಕೆ ಪ್ರತ್ಯೇಕವಾಗಿ ತಿಳಿಸಲೇಬೇಕು.

ವಿದ್ಯಾರ್ಥಿಗಳಿಗೆ

ಮೇಲಿನ ಉದಾಹರಣೆಗಳಿಂದ ಒಂದು ತಥ್ಯ ಸ್ಪಷ್ಟವಾಗುತ್ತದೆ. ಸ್ವರ, ವ್ಯಂಜನ, ಸಂಯುಕ್ತಾಕ್ಷರ, ಅನುಸ್ವಾರಗಳ ವಿವೇಚನೆ ವ್ಯಾಕರಣದ ತಾಸಿಗೆ ಮುಗಿದುಹೋಗುವ ವಿಷಯವಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಯಾವ ಅಕ್ಷರವಿಚಾರದಿಂದ ತೊಡಗಿದನೋ, ಇಂದಿನ ಕ್ರಮವಿಧಿಕಾರನೂ ಅಲ್ಲಿಂದಲೇ ತೊಡಗಬೇಕಾಗಿದೆ. ಗಣಿತವನ್ನಷ್ಟೇ ಬಲ್ಲವನು ಕನ್ನಡದ ಹೆಸರನ್ನು ತುಂಡರಿಸುವನು. ಕನ್ನಡವನ್ನಷ್ಟೇ ಬಲ್ಲವನಿಗೆ ಅದು ತುಂಡಾದ ಕಾರಣ ತಿಳಿಯದು. ಎರಡನ್ನೂ ಅರಿತವರು ನಮ್ಮ ಊರುಗಳಿಂದಲೇ ಬರಬೇಕು. ಏಕೆಂದರೆ ಈ ದೋಷಗಳು ಮೊದಲು ಕಣ್ಣಿಗೆ ಬೀಳುವುದು ಈ ಹೆಸರುಗಳನ್ನು ದಿನವೂ ಓದುವವರಿಗೆ.

ಯರಗಟ್ಟಿ, ನೇಸರಗಿ, ಮುನವಳ್ಳಿ, ಸುರೇಬಾನ ಮೊದಲಾದ ಊರುಗಳಿಂದ ಶಾಲೆಗೆ ಬರುವ ವಿದ್ಯಾರ್ಥಿಗಳು ತಮ್ಮ ಊರಿನ ಹೆಸರನ್ನು ಮೊದಲು ಅಕ್ಷರಗಳಾಗಿ, ಬಳಿಕ ಘಟಕಗಳಾಗಿ ಬಿಡಿಸಿ ಕಾಗದದ ಮೇಲೆ ಬರೆಯಲಿ; ಘಟಕಗಳನ್ನು ಹಿಂದುಮುಂದು ಮಾಡಿ, ಹುಟ್ಟಿದ ಹೊಸ ಪದವನ್ನು ಗಟ್ಟಿಯಾಗಿ ಓದಲಿ. ಅನಂತರ ಗಣಕಯಂತ್ರದಲ್ಲಿ ಪರೀಕ್ಷಿಸಿ ತಾಳೆ ನೋಡಲಿ. ಕಾಗದದ ಉತ್ತರವೂ ಯಂತ್ರದ ಉತ್ತರವೂ ಒಂದೇ ಆದ ದಿನ, ಅವರು ಕನ್ನಡದ ವ್ಯಾಕರಣವನ್ನೂ ಗಣಕದ ವ್ಯಾಕರಣವನ್ನೂ ಏಕಕಾಲಕ್ಕೆ ಕಲಿತಂತಾಯಿತು.