ಜಾಪ್ಚೆ ಮಾಡುವವರಿಗೆ ಒಂದಿಷ್ಟು ಕಿವಿಮಾತು

ಗೋವಾದ ವಾಸ್ಕೋ ಪಟ್ಟಣದ ಬಾಯ್ನಾದಲ್ಲಿ ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಕನ್ನಡಿಗರು ಬಹಳ. ಶಾವಿಗೆ ಬಸಿಯುವುದು, ಎಳ್ಳು ಹುರಿಯುವುದು ಅವರಿಗೆ ಹೊಸದಲ್ಲ. ಕೊರಿಯಾದ ಜಾಪ್ಚೆ ಎಂಬ ನೂಡಲ್ಸ್ ತಿನಿಸಿಗೂ ಬೇಕಾದ್ದು ಅದೇ ಕೈ.

17ನೇ ಶತಮಾನದ ಕೊರಿಯಾದ ಅರಮನೆಯಲ್ಲಿ ಇದು ಬರೀ ತರಕಾರಿ, ಅಣಬೆಯ ತಿನಿಸಾಗಿತ್ತು. ನೂಡಲ್ಸ್ ಸೇರಿದ್ದು 20ನೇ ಶತಮಾನದಲ್ಲಿ. ಗೆಣಸಿನ ಪಿಷ್ಟದ ಈ ಬೂದುಬಣ್ಣದ ಎಳೆಗಳು ಬೆಂದ ಮೇಲೆ ಗಾಜಿನಂತೆ ಹೊಳೆಯುತ್ತವೆ.

200 ಗ್ರಾಂ ನೂಡಲ್ಸನ್ನು ಕುದಿಯುವ ನೀರಲ್ಲಿ 6-7 ನಿಮಿಷ ಬೇಯಿಸಿ, ಬಸಿದು, ತಣ್ಣೀರಲ್ಲಿ ತೊಳೆದು, ಕತ್ತರಿಯಿಂದ ತುಂಡರಿಸಬೇಕು. ಕೂಡಲೇ ಒಂದು ಚಮಚ ಎಳ್ಳೆಣ್ಣೆ ಸವರದಿದ್ದರೆ ಮುದ್ದೆಯಾಗುವುದು ಖಂಡಿತ.

ಕ್ಯಾರೆಟ್, ಈರುಳ್ಳಿ, ಅಣಬೆಯನ್ನು ಬೇರೆಬೇರೆಯಾಗಿ ಜೋರು ಉರಿಯಲ್ಲಿ ಬಾಡಿಸಿ. ಪಾಲಕ್ ಅರ್ಧ ನಿಮಿಷ ಬಿಸಿನೀರಲ್ಲಿದ್ದರೆ ಸಾಕು; ನೀರು ಚೆನ್ನಾಗಿ ಹಿಂಡಿ. ಕೊನೆಗೆ ಬೆಳ್ಳುಳ್ಳಿ, 4 ದೊಡ್ಡ ಚಮಚ ಸೋಯಾ ಸಾಸ್, 2 ಚಮಚ ಸಕ್ಕರೆ ಸೇರಿಸಿ ಎಲ್ಲವನ್ನೂ ಕಲಸಿದರಾಯಿತು. ಸಾಸಿನಲ್ಲೇ ಉಪ್ಪಿದೆ, ರುಚಿ ನೋಡದೆ ಮತ್ತೆ ಹಾಕಬಾರದು.

ಕೊರಿಯನ್ನರ ಎಳ್ಳೆಣ್ಣೆ ಹುರಿದ ಎಳ್ಳಿನದು. ಅದು ಸಿಗದಿದ್ದರೆ ನಮ್ಮ ಎಳ್ಳೆಣ್ಣೆಯ ಜೊತೆ ಹುರಿದ ಎಳ್ಳಿನ ಪುಡಿ ಉದುರಿಸಿ.

ಫ್ರಿಜ್‌ನಲ್ಲಿಟ್ಟರೆ ಎಳೆ ಬಿರುಸಾಗುತ್ತದೆ. ಎರಡು ಚಮಚ ನೀರು ಚಿಮುಕಿಸಿ ಬಾಣಲೆಯಲ್ಲಿ ಬಿಸಿ ಮಾಡಿ. ಕೊಳ್ಳುವಾಗ ಪೊಟ್ಟಣ ಓದಿ: ಅಕ್ಕಿ ನೂಡಲ್ಸ್‌ಗೆ ಗೆಣಸಿನ ಎಳೆಗಳ ಜಿಗುಟು ಬರುವುದಿಲ್ಲ.